ಬೆಲ್ಟಿನ ಬಂದೂಕಿನ ತಕರಾರುಗಳು

ಅಮೆರಿಕದ ಕೆಂಟಕಿ ರಾಜ್ಯದ ನಾಬ್ ಕ್ರೀಕ್ ಮೈದಾನದಲ್ಲಿ 2021ರವರೆಗೆ ವರ್ಷಕ್ಕೆರಡು ಸಲ ಒಂದು ವಿಚಿತ್ರ ಜಾತ್ರೆ ನೆರೆಯುತ್ತಿತ್ತು. ತೇರಿಲ್ಲ, ದೇವರಿಲ್ಲ. ಹಳೆಯ ಯುದ್ಧಗಳ ಮೆಷಿನ್‌ಗನ್‌ಗಳನ್ನು ಸಾಲಾಗಿ ನಿಲ್ಲಿಸಿ, ದೂರದಲ್ಲಿಟ್ಟ ಗುಜರಿ ಸಾಮಾನಿನ ಮೇಲೆ ಗುಂಡಿನ ಮಳೆಗರೆಯುವುದೇ ಅಲ್ಲಿನ ಸೇವೆ. ಪಕ್ಕದಲ್ಲೇ ಸಂತೆ. ಮೇಜುಗಳ ಮೇಲೆ ಸ್ಪ್ರಿಂಗು, ಬೋಲ್ಟು, ನಳಿಗೆ, ಬಟ್ಟೆಯ ಬೆಲ್ಟು. ಇಂಥ ಬಿಡಿಭಾಗಗಳನ್ನು ಕೊಂಡು, ತಿಂಗಳುಗಟ್ಟಲೆ ಗ್ಯಾರೇಜಿನಲ್ಲಿ ಕೂತು, ಅರೆಸ್ವಯಂಚಾಲಿತ ಬಂದೂಕೊಂದನ್ನು ಕಟ್ಟಿಕೊಳ್ಳುವ ಅಥವಾ ಪರವಾನಗಿ ಪಡೆದ ಕುಶಲಕರ್ಮಿಯಿಂದ ಕಟ್ಟಿಸಿಕೊಳ್ಳುವ ಹವ್ಯಾಸಿಗಳು ಆ ದೇಶದಲ್ಲಿ ಬಹಳ ಮಂದಿ. ಅವರ ಗೋಳು ಮಾತ್ರ ಒಂದೇ: ಕಟ್ಟಿದ್ದಾಯಿತು, ನೋಡಲು ಚೆಂದವಿದೆ, ಆದರೆ ಎರಡನೆಯದೋ ಮೂರನೆಯದೋ ತೋಟಾಕ್ಕೆ ಕಚ್ಚಿಕೊಂಡು ನಿಲ್ಲುತ್ತದೆ.

ಬಂದೂಕಿನ ಮೇಲೆ ನನಗೆ ಅಂಥ ಮೋಹವೇನಿಲ್ಲ. ಯಂತ್ರದ ಮೇಲಿದೆ. ಒಂದು ಯಂತ್ರ ಯಾಕೆ ನಿಂತಿತು ಎಂದು ಹುಡುಕುವ ವಿದ್ಯೆಗೆ ಬೆಲ್ಟಿನ ಬಂದೂಕಿಗಿಂತ ಕಠಿಣ ಪರೀಕ್ಷೆ ಸಿಗುವುದು ಕಷ್ಟ. ಅದಕ್ಕೇ ಈ ಬರಹ.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ಅಮೆರಿಕದಲ್ಲಿ 1934ರ ಕಾಯಿದೆ ಮೆಷಿನ್‌ಗನ್ನಿಗೆ ನೋಂದಣಿ ಕಡ್ಡಾಯ ಮಾಡಿ 200 ಡಾಲರ್ ತೆರಿಗೆ ಹಾಕಿತು. 1986ರ ಮೇ 19ರ ನಂತರ ತಯಾರಾದ ಯಾವ ಮೆಷಿನ್‌ಗನ್ನನ್ನೂ ಸಾಮಾನ್ಯ ನಾಗರಿಕ ಇಟ್ಟುಕೊಳ್ಳುವಂತಿಲ್ಲ. ಅದಕ್ಕೂ ಹಿಂದೆ ನೋಂದಣಿಯಾದವು ಕೈ ಬದಲಾಗಬಹುದು. ಹೊಸದು ಸೇರುವುದಿಲ್ಲವಾದ್ದರಿಂದ ಬೆಲೆ ಹತ್ತಾರು ಸಾವಿರ ಡಾಲರಿಗೆ ಏರಿದೆ. ಉಳಿದ ದಾರಿ ಎಂದರೆ, ಕುದುರೆ (ಟ್ರಿಗರ್) ಒಮ್ಮೆ ಎಳೆದರೆ ಒಂದೇ ಗುಂಡು ಹಾರಿಸುವ ಅರೆಸ್ವಯಂಚಾಲಿತ ರೂಪ. ಸೇನೆಯಿಂದ ನಿವೃತ್ತಿಯಾದ ಬಂದೂಕಿನ ರಿಸೀವರ್, ಅಂದರೆ ಎಲ್ಲ ಭಾಗಗಳನ್ನೂ ಹಿಡಿದಿಡುವ ಮೂಲ ಪೆಟ್ಟಿಗೆಯನ್ನು, ಗ್ಯಾಸ್ ಜ್ವಾಲೆಯಲ್ಲಿ ತುಂಡರಿಸಿ ನಾಶ ಮಾಡಿರುತ್ತಾರೆ. ಉಳಿದ ಭಾಗಗಳು ಕಿಟ್ ಆಗಿ ಮಾರಾಟವಾಗುತ್ತವೆ. ಹಳೆಯ ಸ್ವಯಂಚಾಲಿತ ಭಾಗಗಳು ಕೂರದ ಹಾಗೆ ಹೊಸ ರಿಸೀವರ್ ಮಾಡಬೇಕು. 2005ರಿಂದ ಇಂಥ ಕಿಟ್‌ಗಳ ಜೊತೆ ನಳಿಗೆಯ ಆಮದಿಗೂ ತಡೆ ಬಿದ್ದಿದೆ. ಕೆಲವು ರಾಜ್ಯಗಳ ಕಾನೂನು ಇನ್ನೂ ಬಿಗಿ. ನಮ್ಮಲ್ಲಂತೂ 1959ರ ಶಸ್ತ್ರಾಸ್ತ್ರ ಕಾಯಿದೆಯಡಿ ಲೈಸೆನ್ಸ್ ಇಲ್ಲದೆ ಬಂದೂಕು ಕಟ್ಟುವುದೇ ಅಪರಾಧ. ಕೊಡವರಿಗೆ, ಕೊಡಗಿನ ಜಮ್ಮಾ ಹಿಡುವಳಿದಾರರಿಗೆ 2029ರವರೆಗೆ ಲೈಸೆನ್ಸ್ ವಿನಾಯಿತಿ ಇದೆಯಲ್ಲ ಎಂದು ಯಾರಾದರೂ ಕೇಳಬಹುದು. ಅದು ಮನೆತನದ ಕೋವಿಗೆ ಸಂದ ಗೌರವ. ಈ ಆಟಕ್ಕೂ ಅದಕ್ಕೂ ಸಂಬಂಧವಿಲ್ಲ.

ಇನ್ನು ಯಂತ್ರ. ಹೈರಮ್ ಮ್ಯಾಕ್ಸಿಮ್ ಅಮೆರಿಕದ ಮೇಯ್ನ್ ರಾಜ್ಯದವನು, ಲಂಡನ್ನಿಗೆ ಹೋಗಿ ನೆಲೆಸಿದವನು. ಅವನಿಗಿಂತ ಮುಂಚೆ ಗ್ಯಾಟ್ಲಿಂಗ್ ಗನ್ ಇತ್ತು, ಆದರೆ ಅದನ್ನು ಕೈಯಿಂದ ತಿರುವಬೇಕಿತ್ತು; ತೋಟಾಗಳು ಮೇಲಿನಿಂದ ತಮ್ಮ ಭಾರಕ್ಕೇ ಉದುರುತ್ತಿದ್ದವು. ಗುಂಡು ಮುಂದಕ್ಕೆ ಹೋದಾಗ ಬಂದೂಕು ಹಿಂದಕ್ಕೆ ಒದೆಯುತ್ತದಲ್ಲ, ಆ ಒದೆತವನ್ನು ಭುಜಕ್ಕೆ ಬಿಟ್ಟು ವ್ಯರ್ಥ ಮಾಡುವುದೇಕೆ ಎಂದು ಮ್ಯಾಕ್ಸಿಮ್ ಯೋಚಿಸಿದ. 1884ರ ಹೊತ್ತಿಗೆ ಅವನ ಬಂದೂಕು ಸಿದ್ಧವಾಗಿತ್ತು. ಖಾಲಿ ತೋಟಾ ಎಳೆಯುವುದು, ಬಿಸಾಡುವುದು, ಹೊಸದನ್ನು ತುಂಬುವುದು, ಬಟ್ಟೆಯ ಬೆಲ್ಟನ್ನು ಒಂದು ತೋಟಾದಷ್ಟು ಸರಿಸುವುದು, ಎಲ್ಲವೂ ಆ ಒದೆತದ ಸಂಬಳದಲ್ಲೇ ನಡೆಯಬೇಕು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಜೋಧಪುರದ ಸವಾರರ ಜೊತೆ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆಯ ಮೇಲೆ ಭರ್ಜಿ ಹಿಡಿದು ಎದುರಿಸಿದ್ದು ಈ ಹೊಸ ಯುಗದ ಮೆಷಿನ್‌ಗನ್‌ಗಳನ್ನೇ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ಅದರ ಮುಂದೆ ಹಾದುಹೋಗುವ ಎಷ್ಟೋ ಜನರಿಗೆ ಅದು ಏನೆಂದು ಗೊತ್ತಿಲ್ಲ.

ಹವ್ಯಾಸಿಗಳಿಗೆ ಅಚ್ಚುಮೆಚ್ಚಿನದು ಮ್ಯಾಕ್ಸಿಮ್ ಅಲ್ಲ, ಜಾನ್ ಮೋಸೆಸ್ ಬ್ರೌನಿಂಗ್ ರೂಪಿಸಿದ ಎಂ1919. ಇಸ್ರೇಲ್ ಸೇನೆ 7.62 ಮಿಮೀ ನೇಟೋ ತೋಟಾಕ್ಕೆ ಮಾರ್ಪಡಿಸಿಕೊಂಡಿದ್ದ ಎಂ1919ಗಳ ಕಿಟ್‌ಗಳು ಅಮೆರಿಕದ ಮಾರುಕಟ್ಟೆಗೆ ಹೇರಳವಾಗಿ ಬಂದದ್ದು ಒಂದು ಕಾರಣ. ಬೋಲ್ಟ್, ಅಂದರೆ ನಳಿಗೆಯ ಹಿಂಬಾಯಿ ಮುಚ್ಚುವ ಭಾಗ, ಮುಚ್ಚಿದ ಸ್ಥಿತಿಯಿಂದಲೇ ಅದು ಗುಂಡು ಹಾರಿಸುತ್ತದೆ ಎಂಬುದು ಇನ್ನೊಂದು. ಬೋಲ್ಟ್ ಹಿಂದೆ ತೆರೆದು ನಿಂತು, ಕುದುರೆ ಎಳೆದಾಗ ಮುಂದೆ ಓಡಿ ಹಾರಿಸುವ ಬಂದೂಕುಗಳನ್ನು ಅರೆಸ್ವಯಂಚಾಲಿತ ಎಂದು ಕರೆದರೂ ಮೆಷಿನ್‌ಗನ್ ಎಂದೇ ಪರಿಗಣಿಸುವುದಾಗಿ ಅಮೆರಿಕದ ಬಂದೂಕು ಇಲಾಖೆ 1982ರಲ್ಲಿ ಹೇಳಿತು. ಹಾಗಾಗಿ ರಷ್ಯದ ಆರ್‌ಪಿಡಿ, ಪಿಕೆಎಂ, ಬೆಲ್ಜಿಯಂನ ಎಫ್‌ಎನ್ ಮ್ಯಾಗ್ ಇವುಗಳ ಅರೆಸ್ವಯಂಚಾಲಿತ ರೂಪ ಮಾಡುವವರು ಒಳಗಿನ ಕ್ರಮವನ್ನೇ ಬದಲಿಸಬೇಕಾಗುತ್ತದೆ. ಬ್ರೌನಿಂಗ್‌ನಲ್ಲಿ ಆ ತಲೆನೋವು ಕಡಿಮೆ.

ಬ್ರೌನಿಂಗ್‌ನ ಒಳಗೆ ನಡೆಯುವುದನ್ನು ನಿಧಾನವಾಗಿ ನೋಡಬೇಕು. ಇದು ಗೊತ್ತಿಲ್ಲದೆ ತಕರಾರು ಹುಡುಕುವುದು ಕತ್ತಲಲ್ಲಿ ಕೈಯಾಡಿಸಿದ ಹಾಗೆ. ಗುಂಡು ಹಾರಿದಾಗ ನಳಿಗೆಯೂ ಬೋಲ್ಟೂ ಬೀಗ ಹಾಕಿದಂತೆ ಕೂಡಿಕೊಂಡು ಸ್ವಲ್ಪ ದೂರ ಹಿಂದೆ ಸರಿಯುತ್ತವೆ. ಒತ್ತಡ ಇಳಿದ ಮೇಲೆ ಬೀಗ ತೆರೆಯುತ್ತದೆ, ನಳಿಗೆ ನಿಲ್ಲುತ್ತದೆ, ಬೋಲ್ಟ್ ಒಂದೇ ಹಿಂದಕ್ಕೆ ಹೋಗುತ್ತದೆ. ಹೋಗುವಾಗ ಬೋಲ್ಟಿನ ಮುಖ ನಳಿಗೆಯಿಂದ ಖಾಲಿ ತೋಟಾವನ್ನು ಎಳೆಯುತ್ತದೆ. ಅದೇ ಹೊತ್ತಿಗೆ ಬೋಲ್ಟಿನ ಮೇಲಿರುವ ಕೊಕ್ಕೆ ಬೆಲ್ಟಿನಲ್ಲಿರುವ ಮುಂದಿನ ತೋಟಾದ ಅಂಚು ಹಿಡಿದು ಹಿಂದಕ್ಕೆ ಕೀಳುತ್ತದೆ. ಆ ಹೊಸ ತೋಟಾ ಬೋಲ್ಟಿನ ಮುಖದ ತೋಡಿನಲ್ಲಿ ಕೆಳಗೆ ಜಾರುವಾಗ ಹಳೆಯ ಖಾಲಿಯನ್ನು ಕೆಳಕ್ಕೆ ತಳ್ಳಿ ಉದುರಿಸುತ್ತದೆ. ಹೊಸದು ಬಂದು ಹಳೆಯದನ್ನು ಹೊರಹಾಕುವ ಈ ಉಪಾಯಕ್ಕೆ ಬ್ರೌನಿಂಗ್‌ನನ್ನು ಎಷ್ಟು ಹೊಗಳಿದರೂ ಸಾಲದು. ಆಮೇಲೆ ಹಿಂದೆ ಕುಗ್ಗಿದ ದೊಡ್ಡ ಸ್ಪ್ರಿಂಗ್ ಬೋಲ್ಟನ್ನು ಮುಂದಕ್ಕೆ ಒಗೆಯುತ್ತದೆ, ತೋಟಾ ನಳಿಗೆ ಸೇರುತ್ತದೆ, ಬೀಗ ಬೀಳುತ್ತದೆ.

ಬೆಲ್ಟು ಯಾವಾಗ ಸರಿಯುತ್ತದೆ? ಇಲ್ಲಿದೆ ಹೊಸಬರು ಎಡವುವ ಜಾಗ. ಬೋಲ್ಟಿನ ಬೆನ್ನಿನ ಮೇಲೆ ಓರೆಯಾಗಿ ಕೊರೆದ ತೋಡೊಂದು ಮೇಲಿನ ಸನ್ನೆಯನ್ನು ಅತ್ತಿತ್ತ ಆಡಿಸುತ್ತದೆ. ಬೋಲ್ಟ್ ಹಿಂದೆ ಹೋಗುವಾಗ ಆ ಸನ್ನೆ ಬೆಲ್ಟಿನ ಕಡೆ ಚಾಚಿಕೊಂಡು ಮುಂದಿನ ತೋಟಾವನ್ನು ದಾಟಿ ಕೂರುತ್ತದೆ, ಅಷ್ಟೆ. ಎಳೆಯುವ ಕೆಲಸ ನಡೆಯುವುದು ಬೋಲ್ಟ್ ಮುಂದೆ ಬರುವಾಗ. ಅಂದರೆ ಬೆಲ್ಟಿನ ಭಾರ ಹೊರುವುದು ನೇರವಾಗಿ ಸಿಡಿತದ ಶಕ್ತಿಯಲ್ಲ, ಆ ಸ್ಪ್ರಿಂಗು. 7.62 ನೇಟೋ ತೋಟಾ ಒಂದು ಸುಮಾರು 24 ಗ್ರಾಂ ತೂಗುತ್ತದೆ. ಕೊಂಡಿ ಸೇರಿ ನೂರರ ಬೆಲ್ಟು ಮೂರು ಕೆಜಿಗೆ ಹತ್ತಿರ. ಅದು ಮೇಜಿನಿಂದ ಕೆಳಗೆ ತೂಗಾಡುತ್ತಿದ್ದರೆ, ಅದೇ ಸ್ಪ್ರಿಂಗ್ ಬೆಲ್ಟನ್ನೂ ಎತ್ತಬೇಕು, ತೋಟಾವನ್ನೂ ನೂಕಬೇಕು, ಬೀಗವನ್ನೂ ಹಾಕಬೇಕು. ಶಕ್ತಿ ಸಾಲದಾದಾಗ ಕೊನೆಯ ಕೆಲಸ ಕೈಬಿಡುತ್ತದೆ: ಬೋಲ್ಟ್ ಕೂದಲೆಳೆಯಷ್ಟು ಉಳಿದು ಪೂರ್ತಿ ಮುಚ್ಚುವುದಿಲ್ಲ. ಯಜಮಾನ ನೋಡುವುದು ಮುಚ್ಚದ ಬೋಲ್ಟನ್ನು. ಅವನ ಅನುಮಾನ ಹೋಗುವುದು ನಳಿಗೆಯ ಅಳತೆಯ ಮೇಲೆ. ಬಿಚ್ಚುತ್ತಾನೆ, ತಿರುಗಿಸುತ್ತಾನೆ, ಸರಿಯಿದ್ದ ಅಳತೆಯನ್ನು ಕೆಡಿಸುತ್ತಾನೆ. ನಿಜವಾದ ಅಪರಾಧಿ ಮೇಜಿನ ಅಂಚಿನಿಂದ ನೇತಾಡುತ್ತಿದ್ದ ಬೆಲ್ಟು, ಇಲ್ಲವೇ ಸೋತುಹೋದ ಹಳೆಯ ಸ್ಪ್ರಿಂಗು.

ಬೆಲ್ಟಿನ ಬಂದೂಕಿನಲ್ಲಿ ರೋಗ ಒಂದು ಕಡೆ, ನೋವು ಇನ್ನೊಂದು ಕಡೆ. ಅಮೆರಿಕದ ಸೇನಾ ತರಬೇತಿಯಲ್ಲಿ ಬಂದೂಕಿನ ಒಂದು ಸುತ್ತನ್ನು ಎಂಟು ಹೆಜ್ಜೆಗಳಾಗಿ ಬಿಡಿಸಿ ಕಲಿಸುತ್ತಾರೆ: ತೋಟಾ ಬರುವುದು, ನಳಿಗೆ ಸೇರುವುದು, ಬೀಗ ಬೀಳುವುದು, ಹಾರುವುದು, ಬೀಗ ತೆರೆಯುವುದು, ಖಾಲಿ ಎಳೆಯುವುದು, ಬಿಸಾಡುವುದು, ಮತ್ತೆ ಸೆಟೆದು ನಿಲ್ಲುವುದು. ಬಂದೂಕು ನಿಂತಾಗ ಕೈ ಆತುರಪಡಬಾರದು. ಯಾವ ಹೆಜ್ಜೆಯಲ್ಲಿ ನಿಂತಿತು ಎಂಬುದನ್ನು ಕಣ್ಣು ಮೊದಲು ಓದಬೇಕು. 1912ರಲ್ಲಿ ಬ್ರಿಟಿಷ್ ಸೇನೆಗೆ ಬಂದ ವಿಕರ್ಸ್ ಗನ್ನಿನಲ್ಲಿ ಇದು ಸುಲಭವಾಗಿತ್ತು. ಅದರ ಬಲಮಗ್ಗುಲಲ್ಲಿ ಒಂದು ಹಿಡಿಯಿತ್ತು, ಒಳಗಿನ ಬೀಗದ ಜೊತೆ ಅದೂ ತಿರುಗುತ್ತಿತ್ತು. ಗನ್ ನಿಂತಾಗ ಹಿಡಿ ನಾಲ್ಕರಲ್ಲಿ ಯಾವ ನಿಲುವಿನಲ್ಲಿದೆ ಎಂದು ನೋಡಿ, ಪೆಟ್ಟಿಗೆ ತೆರೆಯದೆಯೇ ಕಾರಣ ಊಹಿಸಲು ಸೈನಿಕರಿಗೆ ಬಾಯಿಪಾಠ ಮಾಡಿಸುತ್ತಿದ್ದರು. ಆ ಗನ್ 1968ರವರೆಗೂ ಸೇವೆಯಲ್ಲಿ ಉಳಿದದ್ದಕ್ಕೆ ಅದರ ಉಕ್ಕು ಎಷ್ಟು ಕಾರಣವೋ ಈ ಬಾಯಿಪಾಠವೂ ಅಷ್ಟೇ ಕಾರಣ ಎಂದು ನನ್ನ ಅನಿಸಿಕೆ.

ಹವ್ಯಾಸಿಯ ಬಂದೂಕಿಗೆ ಅಂಥ ಸೂಚಕವಿಲ್ಲ. ಆದರೆ ಕೆಳಗೆ ಬಿದ್ದ ಖಾಲಿ ತೋಟಾಗಳಿವೆ. ಅವುಗಳನ್ನು ಹಾರಿದ ಕ್ರಮದಲ್ಲೇ ಆಯ್ದು ಸಾಲಾಗಿ ಇಡುವವನು ಅರ್ಧ ಕೆಲಸ ಮುಗಿಸಿದ ಹಾಗೆ. ಹಿತ್ತಾಳೆಯ ಅಂಚು ಹರಿದಿದ್ದರೆ, ಒತ್ತಡ ಇಳಿಯುವ ಮೊದಲೇ ಎಳೆದಿದೆ ಅಥವಾ ನಳಿಗೆಯ ಕೋಣೆ ಒರಟಾಗಿದೆ. ಬಾಯಿ ಜಜ್ಜಿದ್ದರೆ ಹೊರಬೀಳುವ ದಾರಿಯಲ್ಲಿ ಎಲ್ಲೋ ಬಡಿದಿದೆ. ಕೇಪಿನ ಮೇಲೆ ಬಿದ್ದ ಗುಳಿ ಆಳವಿಲ್ಲದೆ ಪಕ್ಕಕ್ಕೆ ಸರಿದಿದ್ದರೆ, ಬೋಲ್ಟ್ ಪೂರ್ತಿ ಮುಚ್ಚುವ ಮೊದಲೇ ಪಿನ್ನು ಬಡಿದಿರಬಹುದು. ಇದು ನಿರ್ಲಕ್ಷಿಸುವ ಸಂಗತಿಯಲ್ಲ, ಅಲ್ಲಿಗೇ ನಿಲ್ಲಿಸಬೇಕು. ತಳದಿಂದ ಸ್ವಲ್ಪ ಮೇಲೆ ಸುತ್ತಲೂ ಹೊಳೆಯುವ ಗೆರೆ ಮೂಡಿದ್ದರೆ ಅದು ಹೆಡ್‌ಸ್ಪೇಸ್ ಹೆಚ್ಚಾಗಿದೆ ಎಂಬ ಎಚ್ಚರಿಕೆ.

ಹೆಡ್‌ಸ್ಪೇಸ್ ಎಂದರೆ ಮುಚ್ಚಿದ ಬೋಲ್ಟಿನ ಮುಖಕ್ಕೂ ನಳಿಗೆಯೊಳಗೆ ತೋಟಾ ತಡೆದು ನಿಲ್ಲುವ ಜಾಗಕ್ಕೂ ಇರುವ ಅಂತರ. ಕಡಿಮೆಯಾದರೆ ಬೋಲ್ಟ್ ಮುಚ್ಚದು. ಹೆಚ್ಚಾದರೆ ಹಿತ್ತಾಳೆ ಹಿಗ್ಗಿ, ತೆಳುವಾಗಿ, ಕೊನೆಗೆ ಎರಡಾಗಿ ಕಿತ್ತುಬರುತ್ತದೆ. ಮುಂದಿನ ಅರ್ಧ ನಳಿಗೆಯಲ್ಲೇ ಉಳಿದು ಹೊಸ ತೋಟಾ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಹೊಸ ತೋಟಾ ಯಾಕೆ ಹೋಗುತ್ತಿಲ್ಲ ಎಂದು ಬೆಲ್ಟನ್ನು ಬೈಯುತ್ತ ಕೂತವನಿಗೆ ನಳಿಗೆಯಲ್ಲಿ ಕೂತ ಆ ಉಂಗುರ ಕಾಣುವುದೇ ಇಲ್ಲ. ಬ್ರೌನಿಂಗ್‌ನಲ್ಲಿ ನಳಿಗೆಯನ್ನು ತಿರುಪಿನಂತೆ ತಿರುಗಿಸಿಯೇ ಈ ಅಂತರ ಹೊಂದಿಸಬೇಕು, ಪ್ರತಿ ಸಲ ನಳಿಗೆ ಬಿಚ್ಚಿದಾಗಲೂ. ಜಾನ್ ಬ್ರೌನಿಂಗ್‌ನದೇ ದೊಡ್ಡ ಕೂಸು .50 ಕ್ಯಾಲಿಬರಿನ ಎಂ2ರಲ್ಲಿ ಸೈನಿಕರು ದಶಕಗಳ ಕಾಲ ಗೇಜು ಹಿಡಿದು ಇದೇ ಕೆಲಸ ಮಾಡಿದರು. ತಪ್ಪು ಅಳತೆಯಿಂದ ಗಾಯಗೊಂಡವರೂ ಇದ್ದಾರೆ. ಅಂತರವನ್ನು ಕಾರ್ಖಾನೆಯಲ್ಲೇ ನಿಗದಿ ಮಾಡಿದ ಎಂ2ಎ1 ಬಂದದ್ದು 2010ರಲ್ಲಿ. ಗೇಜಿಲ್ಲದೆ, ಅಂದಾಜಿನ ಮೇಲೆ, ನೆಟ್ಟಗೆ ಮುಚ್ಚಿತಲ್ಲ ಎಂದು ಸಮಾಧಾನಪಟ್ಟು ಹಾರಿಸುವವನಿಗೆ ನಾನು ಹೇಳುವುದು ಒಂದೇ: ಗೇಜಿನ ಬೆಲೆ ಕಣ್ಣಿನ ಬೆಲೆಗಿಂತ ಕಡಿಮೆ.

ಈಗ ‘ಪಳಗಿಸುವ’ ವಿಷಯ. ಹೊಸ ಬೈಕನ್ನು ಮೊದಮೊದಲು ನಿಧಾನವಾಗಿ ಓಡಿಸಿ ರನ್ನಿಂಗ್-ಇನ್ ಮಾಡುವ ಹಾಗೆ, ಹೊಸ ರಿಸೀವರಿನಲ್ಲಿ ಹಳೆಯ ಬೋಲ್ಟಿಗೂ ಒಂದು ಒಗ್ಗುವ ಕಾಲ ಬೇಕು. ಕಾರಣ ಸರಳ. ಕಿಟ್ಟಿನ ಭಾಗಗಳು ಬೇರೊಂದು ಪೆಟ್ಟಿಗೆಯ ಜೊತೆ ಸವೆದು ಹೊಂದಿಕೊಂಡವು. ಹೊಸ ಉಕ್ಕಿನ ಮೇಲೆ ತುಕ್ಕು ತಡೆಯುವ ಫಾಸ್ಫೇಟ್ ಲೇಪ ಒರಟಾಗಿರುತ್ತದೆ. ರಿವೆಟ್ ಹೊಡೆದ ತಗಡು ಕೂದಲೆಳೆಯಷ್ಟು ಬಾಗಿದ್ದರೂ ಬೋಲ್ಟ್ ಒಂದು ಬದಿಗೆ ಉಜ್ಜುತ್ತದೆ. ಹಾಗಾಗಿ ಅನುಭವಿಗಳು ಮದ್ದಿನ ತೋಟಾ ಮುಟ್ಟುವ ಮೊದಲೇ ಎಣ್ಣೆ ಸವರಿ, ಕೈಯಿಂದಲೇ ಬೋಲ್ಟನ್ನು ನೂರಾರು ಸಲ ಹಿಂದೆಮುಂದೆ ಆಡಿಸುತ್ತಾರೆ. ಆಮೇಲೆ ಡಮ್ಮಿ ತೋಟಾ ತುಂಬಿದ ಗಿಡ್ಡ ಬೆಲ್ಟು. ಎಲ್ಲಿ ಉಜ್ಜುತ್ತಿದೆ ಎಂದು ತಿಳಿಯಲು ನಮ್ಮ ಪೀಣ್ಯದ ವರ್ಕ್‌ಶಾಪಿನವರಿಗೆ ಚಿರಪರಿಚಿತವಾದ ಉಪಾಯವೇ ಇದೆ: ಮೇಲ್ಮೈಗೆ ಪ್ರಷ್ಯನ್ ಬ್ಲೂ ಸವರಿ ಆಡಿಸುವುದು. ಬಣ್ಣ ಅಳಿಸಿದ ಜಾಗದಲ್ಲಿ ಲೋಹಕ್ಕೆ ಲೋಹ ತಾಗಿದೆ. ಎಚ್‌ಎಂಟಿಯಲ್ಲಿ ಲೇತಿನ ಹಾಸುಗಳನ್ನು ಕೆರೆದು ಸಮ ಮಾಡುತ್ತಿದ್ದ ಹಿರಿಯರಿಗೆ ಇದನ್ನು ವಿವರಿಸಬೇಕಿಲ್ಲ. ಬ್ಲೂ ಸಿಗದವರು ಮಾರ್ಕರ್ ಪೆನ್ನಿನಲ್ಲಿ ಗೀಚಿಕೊಂಡರೂ ನಡೆಯುತ್ತದೆ.

ಮೈದಾನದಲ್ಲಿ ಮೊದಲು ಒಂದೇ ತೋಟಾ. ನಂತರ ಎರಡು. ಈ ಎರಡರ ಪರೀಕ್ಷೆ ಬಹು ಮುಖ್ಯ, ಯಾಕೆಂದರೆ ಕುದುರೆ ಒಮ್ಮೆ ಎಳೆದಾಗ ಎರಡೂ ಹಾರಿದರೆ ಅದು ಪಳಗದ ಬಂದೂಕಲ್ಲ, ಅಪಾಯಕಾರಿ ಬಂದೂಕು. ಕಾನೂನಿನ ಕಣ್ಣಿನಲ್ಲೂ ಬೇರೆಯೇ ವಸ್ತು. ಖಾಲಿ ಮಾಡಿ, ಪೆಟ್ಟಿಗೆಗೆ ಹಾಕಿ, ಪರವಾನಗಿ ಇರುವ ಕುಶಲಕರ್ಮಿಯ ಬಳಿಗೆ ಒಯ್ಯುವುದು ಬಿಟ್ಟು ಬೇರೆ ದಾರಿಯಿಲ್ಲ. ಎರಡು ಸರಿಯಾದರೆ ಐದು, ಹತ್ತು. ಆಮೇಲೆ ಉದ್ದದ ಬೆಲ್ಟು, ಅದೂ ಕೈಯಲ್ಲೋ ಟ್ರೇಯಲ್ಲೋ ಆಧಾರ ಕೊಟ್ಟು. ಗಿಡ್ಡ ಬೆಲ್ಟಿನಲ್ಲಿ ಸರಾಗ, ಉದ್ದದಲ್ಲಿ ತಕರಾರು ಎಂದರೆ ಭಾರ ಎಳೆಯುವ ಶಕ್ತಿಯ ಕೊರತೆ. ಎರಡರಲ್ಲೂ ತಕರಾರು ಎಂದರೆ ಬೇರೆ ಕಡೆ ನೋಡಬೇಕು. ಹಲವು ಫೋನ್‌ಗಳಲ್ಲಿ ಸೆಕೆಂಡಿಗೆ 240 ಚಿತ್ರ ಹಿಡಿಯುವ ನಿಧಾನ ಚಲನೆಯ ವಿಡಿಯೊ ಇದೆಯಲ್ಲ, ವಿಕರ್ಸ್ ಸೈನಿಕನಿಗೆ ಸಿಗದ ವರ ಅದು. ಬೋಲ್ಟ್ ಎಲ್ಲಿಯವರೆಗೆ ಹಿಂದೆ ಹೋಯಿತು, ಬೆಲ್ಟು ಎಲ್ಲಿ ಜಗ್ಗಿತು ಎಂದು ಅದು ತೋರಿಸುತ್ತದೆ.

ತೋಟಾವನ್ನು ಆರಿಸುವಾಗ ಜಿಪುಣತನ ಬೇಡ. ಹಳೆಯ ಸೇನಾ ದಾಸ್ತಾನಿನ ಅಗ್ಗದ ತೋಟಾಗಳಲ್ಲಿ ಮದ್ದಿನ ಬಲ ಒಂದರಿಂದ ಇನ್ನೊಂದಕ್ಕೆ ಬದಲಾಗಬಹುದು. ಬಂದೂಕೂ ಹೊಸದು, ತೋಟಾವೂ ಅನುಮಾನದ್ದು ಎಂದರೆ ಯಾವುದನ್ನು ದೂರುವುದು? ಪಳಗುವವರೆಗೆ ಹೊಸ ಹಿತ್ತಾಳೆಯ, ಪೂರ್ಣ ಬಲದ ತೋಟಾ ಬಳಸಿ, ಆಮೇಲೆ ಅಗ್ಗದ್ದಕ್ಕೆ ಇಳಿಯುವುದು ಜಾಣತನ. ಹಳೆಯವುಗಳಲ್ಲಿ ಕೆಲವಕ್ಕೆ ಪೊಟ್ಯಾಷಿಯಂ ಕ್ಲೋರೇಟ್ ಇರುವ ಕೇಪು. ಅದು ಉಳಿಸುವ ಉಪ್ಪು ತೇವ ಹೀರಿ ನಳಿಗೆಯನ್ನು ತುಕ್ಕು ಹಿಡಿಸುತ್ತದೆ. ಅದನ್ನು ಎಣ್ಣೆ ಕರಗಿಸದು, ಬಿಸಿನೀರಿನಲ್ಲೇ ತೊಳೆಯಬೇಕು. ಬಟ್ಟೆಯ ಬೆಲ್ಟಿಗೂ ತೇವವೇ ಶತ್ರು: ನೆನೆದರೆ ಬಿಗಿದು ತೋಟಾವನ್ನು ಬಿಡುವುದಿಲ್ಲ. ಲೋಹದ ಕೊಂಡಿಗಳು ಬಂದ ಮೇಲೆ ಆ ಕಾಟ ತಗ್ಗಿತು, ಆದರೆ ಬಳಸಿ ಬಳಸಿ ಸಡಿಲವಾದ ಕೊಂಡಿ ತೋಟಾವನ್ನು ಓರೆಯಾಗಿ ಹಿಡಿಯುತ್ತದೆ. ಹತ್ತರಲ್ಲೊಂದು ಕಚ್ಚಿಕೊಳ್ಳುತ್ತಿದ್ದರೆ ಬಂದೂಕು ಬಿಚ್ಚುವ ಮೊದಲು ಆ ಹತ್ತನೆಯ ಕೊಂಡಿಯನ್ನು ಬೆಳಕಿಗೆ ಹಿಡಿದು ನೋಡಬೇಕು.

ಗ್ಯಾಸಿನ ಬಲದಿಂದ ನಡೆಯುವ ಬಂದೂಕುಗಳ ಲೆಕ್ಕ ಸ್ವಲ್ಪ ಬೇರೆ. ಕೊಡಗಿನ, ಬೆಳಗಾವಿಯ ಮಾಜಿ ಸೈನಿಕರಲ್ಲಿ ಎಷ್ಟೋ ಮಂದಿ ಎಂಎಂಜಿ, ಅಂದರೆ ಮೀಡಿಯಂ ಮೆಷಿನ್‌ಗನ್, ಹೊತ್ತವರು. ಕಾನ್ಪುರದಲ್ಲಿ ತಯಾರಾಗುವ ಆ ಗನ್ ಮೂಲತಃ ಎಫ್‌ಎನ್ ಮ್ಯಾಗ್. ಅದರ ನಳಿಗೆಯ ಕೆಳಗೆ ಗ್ಯಾಸ್ ರೆಗ್ಯುಲೇಟರ್ ಇರುವುದು ಅವರಿಗೆ ಗೊತ್ತು. ಇದೇ ಗನ್ನಿನ ಅರೆಸ್ವಯಂಚಾಲಿತ ರೂಪವನ್ನು ಒಹಾಯೊ ಆರ್ಡ್‌ನೆನ್ಸ್ ವರ್ಕ್ಸ್ ಎಂಬ ಅಮೆರಿಕದ ಕಂಪನಿ ಎಂ240-ಎಸ್‌ಎಲ್‌ಆರ್ ಎಂಬ ಹೆಸರಿನಲ್ಲಿ ಮಾಡಿದೆ. ಇಂಥವು ಮಂಕಾಗಿ ನಡೆದರೆ ಕೂಡಲೇ ರೆಗ್ಯುಲೇಟರನ್ನು ದೊಡ್ಡ ರಂಧ್ರಕ್ಕೆ ತಿರುಗಿಸುವ ಚಾಳಿ ಹವ್ಯಾಸಿಗಳಲ್ಲಿದೆ. ನಡೆಯುತ್ತದೆ, ನಿಜ. ಆದರೆ ಉಜ್ಜುತ್ತಿರುವ ಭಾಗವನ್ನು ಸರಿಪಡಿಸದೆ ಬಲ ಹೆಚ್ಚಿಸಿದರೆ ಏಟು ತಿನ್ನುವುದು ರಿಸೀವರಿನ ಬೆನ್ನು. ಸರಾಗವಾಗಿ ನಡೆಯುವ ಅತಿ ಕಡಿಮೆ ಗ್ಯಾಸೇ ಸರಿಯಾದ ಗ್ಯಾಸು.

ಸುರಕ್ಷತೆಯ ಬಗ್ಗೆ ಹೇಳಲೇಬೇಕಾದ್ದು ಎರಡು. ಕುದುರೆ ಎಳೆದು ಗುಂಡು ಹಾರದಿದ್ದರೆ ನಳಿಗೆ ಗುರಿಯ ಕಡೆಗೇ ಇರಲಿ, ಕನಿಷ್ಠ ಅರ್ಧ ನಿಮಿಷ ಕಾಯಿರಿ. ತಡವಾಗಿ ಹೊತ್ತುವ ಕೇಪು ಅಪರೂಪ, ಆದರೆ ಇಲ್ಲದ್ದಲ್ಲ. ಬೋಲ್ಟ್ ಮುಚ್ಚಿಯೇ ನಿಲ್ಲುವ ಬ್ರೌನಿಂಗ್‌ನಲ್ಲಿ ಕಾದ ನಳಿಗೆಯೊಳಗೆ ಉಳಿದ ತೋಟಾ ಬರೀ ಬಿಸಿಗೇ ಹಾರಬಲ್ಲದು. ಅಂಥ ಹೊತ್ತಿನಲ್ಲಿ ಮೇಲಿನ ಮುಚ್ಚಳ ತೆರೆದು ಮುಖ ಬಗ್ಗಿಸಿ ನೋಡುವುದು ಮೂರ್ಖತನ.

ಕೊನೆಗೆ, ಪಳಗಿಸುವಿಕೆಗೆ ಇರುವ ಮಿತಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ಬರೆದಿಡಿ. ಸ್ಪ್ರಿಂಗು, ತೋಟಾ, ಎಣ್ಣೆ ಮೂರನ್ನೂ ಒಟ್ಟಿಗೆ ಬದಲಿಸಿ ಗೆದ್ದವನಿಗೆ ತಾನು ಯಾವುದರಿಂದ ಗೆದ್ದೆ ಎಂಬುದೇ ತಿಳಿಯದು, ಮುಂದಿನ ಸಲ ಮತ್ತೆ ಮೊದಲಿನಿಂದ. ತಕರಾರು ದಿನದಿಂದ ದಿನಕ್ಕೆ ಜಾಗ ಬದಲಿಸುತ್ತ, ಅಪರೂಪವಾಗುತ್ತ ಹೋದರೆ ಬಂದೂಕು ಪಳಗುತ್ತಿದೆ, ತಾಳ್ಮೆಯಿಂದ ಮುಂದುವರಿಸಬಹುದು. ಅದೇ ತಕರಾರು ಅದೇ ಹೆಜ್ಜೆಯಲ್ಲಿ ಅದೇ ಗುರುತು ಬಿಟ್ಟು ಮರುಕಳಿಸುತ್ತಿದ್ದರೆ ಇನ್ನೂ ಸಾವಿರ ತೋಟಾ ಸುಟ್ಟರೂ ಅದು ಹೋಗದು. ಒರಟು ಮಾತ್ರ ಸವೆಯುತ್ತದೆ; ತಪ್ಪು ಅಳತೆಯಲ್ಲಿ ಕೊರೆದ ರಂಧ್ರ, ಸೊಟ್ಟ ಕೂತ ತಗಡು ಸವೆದು ಸರಿಯಾಗುವುದಿಲ್ಲ. ಅಂಥದ್ದನ್ನು ಕಟ್ಟಿದವನ ಬಳಿಗೇ ವಾಪಸ್ ಕಳಿಸಿ.